ಹೊಲಕ್ಕೆ ಹೊಡೆಯುವುದು ಔಷಧಿಯಲ್ಲ, ವಿಷ

ಕಪ್ಪತಗುಡ್ಡ ಔಷಧಿ ಸಸ್ಯಗಳಿಗೆ ಹೆಸರಾದದ್ದು. ನಾಟಿ ವೈದ್ಯರು ಬೇರು, ಎಲೆ, ತೊಗಟೆಗಳನ್ನು ಹುಡುಕಿಕೊಂಡು ಅಲ್ಲಿಗೆ ಬರುತ್ತಾರೆ. ಆದರೆ ಅದೇ ಗುಡ್ಡದ ಸುತ್ತಿನ ಹೊಲಗಳಲ್ಲಿ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ, ‘ಔಷಧಿ’ ಎಂಬ ಮಾತಿಗೆ ಬೇರೊಂದು ಅರ್ಥ ಬಂದು ಬಹಳ ವರ್ಷಗಳಾದವು. ‘ಇವತ್ತ ಹತ್ತಿಗೆ ಔಷಧ ಹೊಡಿಯೋದೈತ್ರಿ’ ಎಂದರೆ ಅದು ರೋಗ ವಾಸಿ ಮಾಡುವ ಮಾತಲ್ಲ, ಹುಳು ಕೊಲ್ಲುವ ಮಾತು. ಕೆಲವರು ಅದನ್ನೇ ‘ಎಣ್ಣಿ’ ಎನ್ನುತ್ತಾರೆ. ಒಗ್ಗರಣೆಗೆ ಹಾಕುವುದೂ ಎಣ್ಣೆ, ತಲೆಗೆ ಹಚ್ಚುವುದೂ ಎಣ್ಣೆ, ಬೆಳೆಗೆ ಹೊಡೆಯುವ ವಿಷವೂ ಎಣ್ಣೆ!

ಹೆಸರಿನಲ್ಲೇನಿದೆ ಎಂದು ಓದುಗರು ಕೇಳಬಹುದು. ವೈದ್ಯನಾದವನಿಗೆ ಹೆಸರಿನಲ್ಲೇ ಎಲ್ಲವೂ ಇದೆ. ವಿಷ ತಗುಲಿದ ರೋಗಿಯನ್ನು ಕರೆತಂದವರಿಗೆ ನಾವು ಕೇಳುವ ಮೊದಲ ಪ್ರಶ್ನೆ ‘ಯಾವ ಔಷಧಿ ಹೊಡೆದಿದ್ದರು?’ ಎಂಬುದು. ಬರುವ ಉತ್ತರಗಳು ಹೀಗಿರುತ್ತವೆ: ‘ಬಿಳಿ ಡಬ್ಬಿದು ರೀ’, ‘ಮೆಣಸಿನಗಿಡಕ್ಕ ಹೊಡಿತಾರಲ್ರಿ, ಅದು’, ‘ಅಂಗಡ್ಯಾವ್ರು ಎರಡು ಕೊಟ್ಟಿದ್ರು, ಕೂಡಿಸಿ ಹೊಡದಾನ್ರಿ’. ಹೇಳುವವರ ತಪ್ಪಲ್ಲ. ಅವರಿಗೆ ಯಾರೂ ಹೆಸರು ಹೇಳಿಕೊಟ್ಟಿಲ್ಲ. ಕಂಪನಿಗೆ ಗೊತ್ತು, ಸರಕಾರಕ್ಕೆ ಗೊತ್ತು, ಡಬ್ಬಿಯ ಮೇಲೂ ಅಚ್ಚಾಗಿದೆ. ಆದರೆ ಪಂಪು ಬೆನ್ನಿಗೇರಿಸಿ ದಿನಗೂಲಿಗೆ ದುಡಿಯುವವನಿಗೂ, ಅವನ ಹೆಂಡತಿಗೂ ಅದು ತಲುಪಿಲ್ಲ. ಈ ವಾರ ನಾನು ಹೇಳಬೇಕೆಂದಿರುವುದು ಇಷ್ಟೇ: ದುಡಿಯುವ ಜಾಗದ ವಿಷದ ಮಾಹಿತಿ ಅದನ್ನು ಮುಟ್ಟುವ ಕೈಯವರೆಗೆ ಬರಬೇಕು. ಅದಕ್ಕೆ ಕಂಪನಿ ಮತ್ತು ಸರಕಾರ ಒಬ್ಬರ ಮುಖ ಒಬ್ಬರು ನೋಡುತ್ತ ಕೂರದೆ ಕೈಜೋಡಿಸಬೇಕು.

ಹೆಸರು ಗೊತ್ತಾದರೆ ಏನು ಲಾಭ?

ಎಲ್ಲ ಕೀಟನಾಶಕಗಳೂ ಒಂದೇ ರೀತಿ ಕೊಲ್ಲುವುದಿಲ್ಲ. ಸಾವಯವ ರಂಜಕ, ಅಂದರೆ ಆರ್ಗನೋಫಾಸ್ಫರಸ್ ಎಂಬ ಗುಂಪಿನ ವಿಷಗಳು ನಮ್ಮ ನರಗಳ ತುದಿಯಲ್ಲಿ ಕೆಲಸ ಮಾಡುವ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ತಡೆಯುತ್ತವೆ. ಆಗ ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈತುಂಬ ಬೆವರು, ವಾಂತಿ, ಭೇದಿ, ಎದೆಯಲ್ಲಿ ಗೊರಗೊರ ಶಬ್ದ ಕಾಣಿಸಿಕೊಳ್ಳುತ್ತವೆ. ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟು ಸಣ್ಣದಾಗುತ್ತದೆ. ಮಾಂಸಖಂಡಗಳು ಅದುರುತ್ತವೆ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಇದಕ್ಕೆ ಅಟ್ರೊಪಿನ್ ಎಂಬ ಚುಚ್ಚುಮದ್ದು ಇದೆ. ಅದು ದುಬಾರಿಯದೂ ಅಲ್ಲ. ಸಕಾಲಕ್ಕೆ ಸಾಕಷ್ಟು ಪ್ರಮಾಣದಲ್ಲಿ ಕೊಟ್ಟರೆ ಸಾವಿನ ಬಾಗಿಲಿನಿಂದ ರೋಗಿಯನ್ನು ಎಳೆದು ತರಬಹುದು.

ಪೈರೆಥ್ರಾಯ್ಡ್ ಎಂಬ ಇನ್ನೊಂದು ಗುಂಪಿದೆ. ಮುಖಕ್ಕೆ, ಕೈಗೆ ಸಿಡಿದರೆ ಉರಿ, ಜುಮುಜುಮು. ಇದಕ್ಕೆ ಚಿಕಿತ್ಸೆ ಬೇರೆ. ಇನ್ನು ಕಳೆ ಸುಡಲು ಹೊಡೆಯುವ ಪ್ಯಾರಾಕ್ವಾಟ್ ಎಂಬ ವಿಷಕ್ಕೆ ಇಂದಿಗೂ ಪ್ರತಿವಿಷವೇ ಇಲ್ಲ. ಒಂದು ಗುಟುಕು ಒಳಗೆ ಹೋದರೂ ಮೂತ್ರಪಿಂಡ, ಪುಪ್ಪುಸಗಳು ಕೆಡುತ್ತವೆ. ಉಸಿರುಗಟ್ಟುವ ರೋಗಿಗೆ ಆಮ್ಲಜನಕ ಕೊಡುವುದು ವೈದ್ಯರಿಗೆ ಸಹಜವಾದ ಕ್ರಮ. ಆದರೆ ಪ್ಯಾರಾಕ್ವಾಟ್ ವಿಷದಲ್ಲಿ ಹೆಚ್ಚು ಆಮ್ಲಜನಕ ಕೊಟ್ಟರೆ ಪುಪ್ಪುಸಗಳ ಹಾನಿ ಹೆಚ್ಚುತ್ತದೆ! ಆಮ್ಲಜನಕದ ನಳಿಗೆ ಹಾಕಬೇಕೋ ಬೇಡವೋ ಎಂಬ ನಿರ್ಧಾರ ಕೂಡ ಡಬ್ಬಿಯ ಮೇಲಿನ ಒಂದು ಹೆಸರಿನ ಮೇಲೆ ನಿಂತಿದೆ. ‘ಬಿಳಿ ಡಬ್ಬಿ’ ಎಂಬ ಉತ್ತರದಿಂದ ನಾವು ಏನು ಮಾಡಲು ಸಾಧ್ಯ?

ಬಣ್ಣದ ಗುರುತು ಬಂದ ಬಗೆ

ನಮ್ಮ ದೇಶದಲ್ಲಿ ಈ ಮಾಹಿತಿಗೆ ಕಾನೂನಿನ ರೂಪ ಬಂದದ್ದು ಒಂದು ದುರಂತದಿಂದ. 1958ರಲ್ಲಿ ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಆಹಾರ ಪದಾರ್ಥಗಳನ್ನು ತಂದ ಹಡಗಿನಲ್ಲೇ ಪ್ಯಾರಾಥಿಯಾನ್ ಎಂಬ ಕೀಟನಾಶಕವನ್ನೂ ತಂದಿದ್ದರು. ಅದು ಸೋರಿ ಆಹಾರಕ್ಕೆ ಸೇರಿತ್ತು. ವಿಚಾರಣೆ ನಡೆಯಿತು. ಹತ್ತು ವರ್ಷಗಳ ನಂತರ, 1968ರಲ್ಲಿ ಕೀಟನಾಶಕ ಕಾಯ್ದೆ, 1971ರಲ್ಲಿ ಅದರ ನಿಯಮಗಳು ಬಂದವು.

ಈ ನಿಯಮಗಳ ಪ್ರಕಾರ ಪ್ರತಿ ಡಬ್ಬಿಯ ಮೇಲೆ ಮೂಲೆ ಮೇಲಾಗಿ ನಿಲ್ಲಿಸಿದ ಒಂದು ಚೌಕ ಇರಬೇಕು. ಅದರ ಕೆಳಗಿನ ಅರ್ಧಕ್ಕೆ ಬಣ್ಣ, ಮೇಲಿನ ಅರ್ಧದಲ್ಲಿ ಎಚ್ಚರಿಕೆಯ ಮಾತು. ಕೆಂಪು ಎಂದರೆ ಅತ್ಯಂತ ತೀವ್ರ ವಿಷ. ಇದಕ್ಕೆ ತಲೆಬುರುಡೆ, ಎಲುಬಿನ ಚಿತ್ರವೂ ಇರುತ್ತದೆ. ಹಳದಿ ಎಂದರೆ ಹೆಚ್ಚು ವಿಷ, ನೀಲಿ ಎಂದರೆ ಮಧ್ಯಮ, ಹಸಿರು ಎಂದರೆ ಅಲ್ಪ. ಜೊತೆಗಿನ ಕರಪತ್ರ ಹಿಂದಿ, ಇಂಗ್ಲಿಷ್ ಅಲ್ಲದೆ ಮಾರಾಟವಾಗುವ ಪ್ರದೇಶದ ಭಾಷೆಯಲ್ಲಿಯೂ ಇರಬೇಕು. ವಿಷದ ಲಕ್ಷಣ, ಪ್ರಥಮ ಚಿಕಿತ್ಸೆ, ಪ್ರತಿವಿಷ ಎಲ್ಲವನ್ನೂ ಅದರಲ್ಲಿ ಹೇಳಬೇಕು. ಕೀಟನಾಶಕದ ಕೆಲಸಕ್ಕೆ ನೇಮಿಸಿಕೊಂಡವರ ವೈದ್ಯಕೀಯ ಪರೀಕ್ಷೆ, ರಕ್ಷಣಾ ಉಡುಪು, ತರಬೇತಿಯ ಬಗ್ಗೆಯೂ ನಿಯಮಗಳಿವೆ. ಕಾಗದದ ಮೇಲೆ ಕೊರತೆ ಕಡಿಮೆ.

ಬಣ್ಣ ತಿಳಿದವರಿಗೂ ಒಂದು ಮಾತು ಹೇಳಬೇಕು. ಈ ಬಣ್ಣವನ್ನು ನಿರ್ಧರಿಸುವುದು ಪ್ರಯೋಗಶಾಲೆಯ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು ಎಷ್ಟು ವಿಷ ಬೇಕು ಎಂಬ ಲೆಕ್ಕದಿಂದ. ಬಾಯಿಯ ಮೂಲಕ ಕೊಟ್ಟಾಗ ದೇಹದ ತೂಕದ ಪ್ರತಿ ಕಿಲೋಗೆ 50 ಮಿಲಿಗ್ರಾಂವರೆಗೆ ಸಾಕಾದರೆ ಕೆಂಪು. 51ರಿಂದ 500 ಹಳದಿ. 501ರಿಂದ 5,000 ನೀಲಿ. ಅದಕ್ಕೂ ಮೇಲಾದರೆ ಹಸಿರು. ಪ್ರತಿವಿಷ ಇದೆಯೇ ಇಲ್ಲವೇ ಎಂಬುದನ್ನು ಬಣ್ಣ ಹೇಳುವುದಿಲ್ಲ. ಪ್ರತಿವಿಷವೇ ಇಲ್ಲದ ಪ್ಯಾರಾಕ್ವಾಟಿನ ಗುರುತು ಹಳದಿ. ಅದರ ಮೇಲೆ ತಲೆಬುರುಡೆಯ ಚಿತ್ರ ಇಲ್ಲ. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಮೈಸೇರಿದರೆ ಏನಾಗುತ್ತದೆ ಎಂಬುದನ್ನೂ ಬಣ್ಣ ಹೇಳುವುದಿಲ್ಲ. ಕಾಸರಗೋಡಿನ, ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದಾಗ ಕೆಳಗಿದ್ದ ಹಳ್ಳಿಗಳ ಜನ ಡಬ್ಬಿಯನ್ನೇ ನೋಡಿರಲಿಲ್ಲ. ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರಲ್ಲಿ. ಆದ್ದರಿಂದ ಹಸಿರು ಗುರುತು ಕಂಡು ‘ಇದು ಏನೂ ಮಾಡೂದಿಲ್ಲ’ ಎಂದು ಬರಿಗೈಯಲ್ಲಿ ಕಲಸುವುದು ತಪ್ಪು. ಬಣ್ಣ ಎಚ್ಚರಿಕೆಯ ಮೊದಲ ಅಕ್ಷರ ಮಾತ್ರ, ಪೂರ್ತಿ ಪಾಠವಲ್ಲ.

ಮಾಹಿತಿ ನಿಲ್ಲುವುದು ಎಲ್ಲಿ?

ನಮ್ಮ ಭಾಗದಲ್ಲಿ ಮುಂಗಾರು ಹಿಡಿದರೆ ಹೆಸರು, ಶೇಂಗಾ, ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿ, ಹಿಂಗಾರಿಗೆ ಕಡಲೆ. ಒಂದೊಂದಕ್ಕೂ ಒಂದೊಂದು ಹುಳು, ಒಂದೊಂದು ರೋಗ. ಗೊಬ್ಬರದ ಅಂಗಡಿಯಲ್ಲಿ ನೂರಾರು ಡಬ್ಬಿಗಳು. ಒಂದೇ ವಿಷ ಹತ್ತು ಕಂಪನಿಯ ಹತ್ತು ಹೆಸರಿನಲ್ಲಿ ಸಿಗುತ್ತದೆ. ಕಂಪನಿಯ ಹೆಸರು ದೊಡ್ಡ ಅಕ್ಷರದಲ್ಲಿ, ವಿಷದ ನಿಜವಾದ ಹೆಸರು ಸಣ್ಣ ಅಕ್ಷರದಲ್ಲಿ. ನೂರು ಮಿಲಿಲೀಟರಿನ ಡಬ್ಬಿಗೆ ಸುತ್ತಿದ ಕರಪತ್ರವನ್ನು ಓದಲು ಭೂತಗನ್ನಡಿ ಬೇಕು. ಅದೂ ಹೊಲದ ಬದುವಿನಲ್ಲೇ ಗಾಳಿಗೆ ಹಾರಿ ಹೋಗುತ್ತದೆ.

ಡಬ್ಬಿ ಕೊಳ್ಳುವವನು ಹೊಲದ ಮಾಲೀಕ, ಹೊಡೆಯುವವನು ಕೂಲಿಕಾರ. ಮಾಲೀಕ ಅಂಗಡಿಯಲ್ಲಿ ಕೇಳಿದ ಎರಡು ಮಾತು ಕೂಲಿಕಾರನಿಗೆ ಬರುವಷ್ಟರಲ್ಲಿ ‘ಕೊಡಕ್ಕ ಎರಡು ಮುಚ್ಚಳಿಕಿ ಹಾಕು’ ಎಂಬಷ್ಟಕ್ಕೆ ಇಳಿದಿರುತ್ತದೆ. ಮರುದಿನ ಅದೇ ಹೊಲಕ್ಕೆ ಕಳೆ ತೆಗೆಯಲು, ಹತ್ತಿ ಬಿಡಿಸಲು ಬರುವ ಹೆಣ್ಣುಮಕ್ಕಳಿಗೆ ನಿನ್ನೆ ಏನು ಹೊಡೆದಿದ್ದಾರೆ ಎಂಬುದನ್ನು ಯಾರೂ ಹೇಳುವುದಿಲ್ಲ. ಅವರು ಅದೇ ಕೈಯಲ್ಲಿ ಬುತ್ತಿಯ ರೊಟ್ಟಿ ಮುರಿಯುತ್ತಾರೆ. ಸಂಜೆ ಗಂಡನ ಅಂಗಿ, ಧೋತರವನ್ನು ಮಕ್ಕಳ ಬಟ್ಟೆಯ ಜೊತೆಗೇ ನೆನೆಹಾಕುತ್ತಾರೆ. ಉಳಿದ ವಿಷ ತಂಪು ಪಾನೀಯದ ಖಾಲಿ ಬಾಟಲಿಗೆ ಸೇರಿ ಮಾಡದಲ್ಲಿ ಕೂರುತ್ತದೆ. ಅಲ್ಲಿಗೆ ಬಣ್ಣವೂ ಹೋಯಿತು, ಹೆಸರೂ ಹೋಯಿತು, ಉಳಿದದ್ದು ವಿಷ ಮಾತ್ರ.

ಇನ್ನೊಂದು ತೊಡಕು ವೈದ್ಯಕೀಯದ್ದು. ಸ್ವಲ್ಪ ವಿಷ ಚರ್ಮದ ಮೂಲಕ ಒಳಹೋದಾಗ ಮೊದಲು ತಲೆನೋವು, ತಲೆಸುತ್ತು, ಹೊಟ್ಟೆ ತೊಳಸುವುದು, ಕಣ್ಣು ಮಂಜಾಗುವುದು ಆಗುತ್ತದೆ. ಮನೆಯವರು ‘ಪಿತ್ತ ಆಗೇತಿ’, ‘ಬಿಸಲ ಬಡದೈತಿ’ ಎಂದು ಮಜ್ಜಿಗೆ ಕುಡಿಸಿ ಮಲಗಿಸುತ್ತಾರೆ. ಬಿಸಿಲಿನಲ್ಲಿ ಬಳಲಿದವನ ಬಾಯಿ ಸಾಮಾನ್ಯವಾಗಿ ಒಣಗಿರುತ್ತದೆ. ಬಾಯಲ್ಲಿ ಜೊಲ್ಲು ಸುರಿಯುತ್ತಿದ್ದರೆ, ಕಣ್ಣಿನ ಪಾಪೆ ಚಿಕ್ಕದಾಗಿದ್ದರೆ ಅದು ಬಿಸಿಲಲ್ಲ, ವಿಷ. ಇಷ್ಟು ಸಣ್ಣ ವ್ಯತ್ಯಾಸ ಮನೆಯವರಿಗೆ ಗೊತ್ತಿದ್ದರೆ ಅರ್ಧ ದಿನ ಉಳಿಯುತ್ತದೆ. ಆ ಅರ್ಧ ದಿನದಲ್ಲಿ ಒಂದು ಜೀವ ಉಳಿಯಬಹುದು.

ಹತ್ತಿ ಬೆಳೆಯುವ ಕಪ್ಪು ಮಣ್ಣಿನ ಇನ್ನೊಂದು ನಾಡು ಮಹಾರಾಷ್ಟ್ರದ ಯವತಮಾಳ. 2017ರ ಮಳೆಗಾಲದಲ್ಲಿ ಅಲ್ಲಿ ಹತ್ತಿಗೆ ಕೀಟನಾಶಕ ಹೊಡೆದ ರೈತರು, ಕೂಲಿಕಾರರ ಪೈಕಿ 20ಕ್ಕೂ ಹೆಚ್ಚು ಜನ ಸತ್ತರು. ನೂರಾರು ಜನ ಆಸ್ಪತ್ರೆ ಸೇರಿದರು. ಅವರು ವಿಷ ಕುಡಿದವರಲ್ಲ, ಕೆಲಸ ಮಾಡಿದವರು. ಆಮೇಲೆ ಕೇಂದ್ರ ಸರಕಾರ 2018ರಲ್ಲಿ 18 ಕೀಟನಾಶಕಗಳನ್ನು ನಿಷೇಧಿಸುವ ಆದೇಶ ಹೊರಡಿಸಿತು. ಅವುಗಳಲ್ಲಿ ಫೋರೇಟ್, ಡೈಕ್ಲೋರ್ವಾಸ್ ಮೊದಲಾದ ಆರಕ್ಕೆ 2020ರ ಡಿಸೆಂಬರ್ 31ರವರೆಗೆ ಕಾಲಾವಕಾಶ ಇತ್ತು. ಹತ್ತಿಗೆ ಬಹಳ ಬಳಕೆಯಲ್ಲಿದ್ದ, ಶೇಕಡಾ 36ರ ಮೊನೊಕ್ರೊಟೊಫಾಸ್ ದ್ರಾವಣದ ಮೇಲೆ ಆದೇಶ ಬಂದದ್ದು 2023ರಲ್ಲಿ. ನಿಷೇಧ ಒಳ್ಳೆಯದೇ. ಆದರೆ ಅದು ಬರಲು ವರ್ಷಗಳು ಬೇಕು. ಮಾಹಿತಿಗೆ ಅಷ್ಟು ವರ್ಷ ಬೇಕಿಲ್ಲ, ಮನಸ್ಸು ಬೇಕು.

ಬೆಟಗೇರಿಯ ಬಣ್ಣದ ಮನೆಗೂ ಇದೇ ಮಾತು

ಹೊಲದ ಮಾತಾಯಿತು. ಪೇಟೆಯಲ್ಲಿರುವವರು ತಮಗಿದು ಸಂಬಂಧವಿಲ್ಲ ಎಂದುಕೊಳ್ಳಬಾರದು. ಬೆಟಗೇರಿಯ ನೇಕಾರಿಕೆಗೆ ಬಣ್ಣದ ನೂಲು ಬೇಕು. ನೂಲಿಗೆ ಪಕ್ಕಾ ಬಣ್ಣ ಹಾಕಲು ಕಾಸ್ಟಿಕ್ ಸೋಡಾ, ಹೈಡ್ರೋಸ್ ಬಳಸುತ್ತಾರೆ. ಕಾಸ್ಟಿಕ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಹೈಡ್ರೋಸ್ ಪುಡಿಗೆ ಸ್ವಲ್ಪ ನೀರು ತಗುಲಿದರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಆಗ ಬರುವ ಗಂಧಕದ ಹೊಗೆ ಉಬ್ಬಸದವರಿಗೆ ಪ್ರಾಣಸಂಕಟ. ಗದಗ ಮುದ್ರಣಕ್ಕೆ ಹೆಸರಾದ ಊರು. ಸೀಸದ ಮೊಳೆ ಜೋಡಿಸುವ ಕಾಲ ಹೋಯಿತು, ಆದರೆ ಮಸಿ ತೊಳೆಯುವ ದ್ರಾವಕಗಳ ಕಾಲ ಇದೆ. ಗ್ಯಾರೇಜಿನಲ್ಲಿ ಬ್ಯಾಟರಿಯ ಆಮ್ಲ, ಪೇಂಟಿಂಗ್ ಶೆಡ್ಡಿನಲ್ಲಿ ತಿನ್ನರು. ಶೌಚಾಲಯ ತೊಳೆಯುವ ಆಮ್ಲವನ್ನೂ ಬ್ಲೀಚಿಂಗ್ ಪುಡಿಯನ್ನೂ ಕೂಡಿಸಿದರೆ ಕ್ಲೋರಿನ್ ಅನಿಲ ಏಳುತ್ತದೆ ಎಂಬುದು ಎಷ್ಟು ಮನೆಗಳಲ್ಲಿ ಗೊತ್ತಿದೆ?

ದೊಡ್ಡ ಕಾರ್ಖಾನೆಗೆ ಕಾನೂನಿದೆ. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ವಿಷಾನಿಲ ಸೋರಿದ ರಾತ್ರಿ, ಸಾವಿರಾರು ಜನ ಆಸ್ಪತ್ರೆಗೆ ಬಂದಾಗ, ಅಲ್ಲಿನ ವೈದ್ಯರಿಗೆ ಅದು ಯಾವ ಅನಿಲ, ಅದಕ್ಕೆ ಚಿಕಿತ್ಸೆ ಏನು ಎಂಬ ಖಚಿತ ಮಾಹಿತಿ ಸಿಗಲಿಲ್ಲ. ಗೋಡೆಯ ಆಚೆ ಇದ್ದ ಮಾಹಿತಿ ಗೋಡೆಯ ಈಚೆ ಬರಲಿಲ್ಲ. ಆ ಪಾಠದಿಂದ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿಯಾಯಿತು. ಅಪಾಯಕಾರಿ ಕೆಲಸ ನಡೆಸುವ ಮಾಲೀಕ ಅಪಾಯವೇನೆಂಬುದನ್ನು ಕಾರ್ಮಿಕರಿಗೂ, ಸುತ್ತಲಿನ ಜನರಿಗೂ ತಿಳಿಸಲೇಬೇಕು ಎಂದಾಯಿತು. 1989ರ ನಿಯಮಗಳು ರಾಸಾಯನಿಕಗಳಿಗೆ ಸುರಕ್ಷತಾ ಮಾಹಿತಿ ಪತ್ರ ಇರಬೇಕೆಂದವು. ಹಳೆಯ ಕಾರ್ಖಾನೆ ಕಾಯ್ದೆಯ ಜಾಗಕ್ಕೆ ಈಗ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಅದು ಜಾರಿಯಲ್ಲಿದೆ. ಆದರೆ ನಾಲ್ಕೈದು ಜನ ದುಡಿಯುವ ಬಣ್ಣದ ಮನೆ ಸಾಮಾನ್ಯವಾಗಿ ‘ಕಾರ್ಖಾನೆ’ಯ ಲೆಕ್ಕಕ್ಕೆ ಬರುವುದಿಲ್ಲ. ಮೆಣಸಿನಕಾಯಿ ಹೊಲ ಅಂತೂ ಬರುವುದೇ ಇಲ್ಲ. ವಿಷಕ್ಕೆ ಮಾತ್ರ ಈ ಲೆಕ್ಕ ಗೊತ್ತಿಲ್ಲ.

ಕೈಜೋಡಿಸಿದರೆ ಆಗುತ್ತದೆ

ಕಂಪನಿಗಳು ಲಾಭಕ್ಕಾಗಿ ಇರುವವು, ಅವು ತಮ್ಮ ಸರಕನ್ನು ವಿಷ ಎಂದು ದೊಡ್ಡ ಅಕ್ಷರದಲ್ಲಿ ಏಕೆ ಹೇಳುತ್ತವೆ ಎಂದು ಕೇಳುವವರಿದ್ದಾರೆ. ಅಮೆರಿಕದ ಉದಾಹರಣೆ ನೋಡಬಹುದು. ಅಲ್ಲಿ 1980ರ ಆಸುಪಾಸಿನಲ್ಲಿ ಒಂದೊಂದು ರಾಜ್ಯವೂ ‘ಕಾರ್ಮಿಕನಿಗೆ ತಿಳಿಯುವ ಹಕ್ಕಿದೆ’ ಎಂದು ಒಂದೊಂದು ಕಾನೂನು ಮಾಡತೊಡಗಿತು. ಹತ್ತು ರಾಜ್ಯಕ್ಕೆ ಹತ್ತು ಬಗೆಯ ಚೀಟಿ ಅಂಟಿಸುವುದಕ್ಕಿಂತ ದೇಶಕ್ಕೆಲ್ಲ ಒಂದೇ ನಿಯಮವಾದರೆ ಒಳ್ಳೆಯದೆಂದು ರಾಸಾಯನಿಕ ಉದ್ಯಮವೂ ಅದನ್ನು ಬಯಸಿತು. 1983ರಲ್ಲಿ ಸರಕಾರದ ನಿಯಮ ಬಂತು: ಪ್ರತಿ ಡಬ್ಬಿಗೆ ಚೀಟಿ, ಪ್ರತಿ ರಾಸಾಯನಿಕಕ್ಕೆ ಮಾಹಿತಿ ಪತ್ರ, ಪ್ರತಿ ಕಾರ್ಮಿಕನಿಗೆ ತರಬೇತಿ. 2003ರಲ್ಲಿ ವಿಶ್ವಸಂಸ್ಥೆ ಜಗತ್ತಿಗೆಲ್ಲ ಒಂದೇ ಚಿತ್ರಭಾಷೆ ಇರಲೆಂದು ಕೆಂಪು ಅಂಚಿನ ಒಂಬತ್ತು ಗುರುತುಗಳ ಪದ್ಧತಿಯನ್ನು ಪ್ರಕಟಿಸಿತು. ಚಿತ್ರ ನೋಡಿದರೆ ಓದು ಬಾರದವನಿಗೂ ತಿಳಿಯಬೇಕು ಎಂಬುದು ಅದರ ಉದ್ದೇಶ. ಉದ್ಯಮದ ಅನುಕೂಲ ಮತ್ತು ಕಾರ್ಮಿಕನ ಜೀವ ಎರಡೂ ಒಂದೇ ಚೀಟಿಯಲ್ಲಿ ಕೂಡಿದ್ದವು.

ನಮ್ಮಲ್ಲಿಯೂ ಕಂಪನಿಗಳು ಊರೂರಲ್ಲಿ ರೈತರ ಸಭೆ ಮಾಡುತ್ತವೆ, ಒಪ್ಪೋಣ. ಆದರೆ ಅಲ್ಲಿ ಇಳುವರಿಯ ಮಾತು ಒಂದು ತಾಸಾದರೆ ಸುರಕ್ಷತೆಯ ಮಾತು ಐದು ನಿಮಿಷ. ‘ಎಷ್ಟು ಹೇಳಿದರೂ ಇವರು ಕೈಗವಸು ಹಾಕುವುದಿಲ್ಲ’ ಎಂಬ ದೂರು ಕಂಪನಿಯವರದೂ ಹೌದು, ಅಧಿಕಾರಿಗಳದೂ ಹೌದು. ದೂರಿನಲ್ಲಿ ಸತ್ಯವಿದೆ. ಆದರೆ ಮಧ್ಯಾಹ್ನದ ಬಿಸಿಲಿನಲ್ಲಿ, ಬೆನ್ನ ಮೇಲೆ ಹದಿನಾರು ಲೀಟರ್ ಹೊತ್ತು, ಮೂಗು ಬಾಯಿ ಮುಚ್ಚಿಕೊಂಡು ದುಡಿಯಲು ಆಗುವುದಿಲ್ಲ ಎಂಬುದೂ ಸತ್ಯ. ಪಾಲಿಸಲಾಗದ ಎಚ್ಚರಿಕೆ ಪೂರ್ತಿ ಎಚ್ಚರಿಕೆಯಲ್ಲ. ಈ ಹವೆಗೆ ತಕ್ಕ ಹಗುರ ಉಡುಪು ಕೊಡುವುದು, ‘ಬೆಳಗಿನ ತಂಪಿನಲ್ಲಿ ಮಾತ್ರ ಹೊಡೆಯಿರಿ’ ಎಂದು ಕೂಲಿಯ ಸಮಯವನ್ನೇ ಬದಲಿಸುವುದು ಕೂಡ ಮಾಹಿತಿ ಕೊಡುವವರ ಹೊಣೆಯಲ್ಲಿ ಸೇರುತ್ತದೆ.

ಗದಗ ಜಿಲ್ಲೆಗೆ ಸಹಕಾರದ ಪಾಠವನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಣಗಿನಹಾಳದಲ್ಲಿ ಕೃಷಿ ಸಹಕಾರ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಸಹಕಾರ ಸಂಘವೆಂದು ಅದು ಹೆಸರಾಯಿತು. ಇಂದು ಹುಲಕೋಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಹೋಬಳಿಗಳಲ್ಲಿ ರೈತ ಸಂಪರ್ಕ ಕೇಂದ್ರಗಳಿವೆ, ಗದುಗಿನಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಇದೆ. ಇವು ಒಂದಕ್ಕೊಂದು ಮಾತಾಡಿದರೆ ಸಾಕು, ಹೊಸ ಕಾನೂನು ಬೇಕಿಲ್ಲ. ನನ್ನ ಸಲಹೆಗಳು ನಾಲ್ಕು.

ಮೊದಲನೆಯದು, ಮುಂಗಾರಿಗೂ ಹಿಂಗಾರಿಗೂ ಮೊದಲು ಆಯಾ ತಾಲೂಕಿನ ಅಂಗಡಿಗಳಲ್ಲಿ ಯಾವ ಯಾವ ಕೀಟನಾಶಕ, ಕಳೆನಾಶಕ ಇವೆ ಎಂಬ ಪಟ್ಟಿ ತಾಲೂಕು ಆಸ್ಪತ್ರೆಗೆ ಬರಬೇಕು. ಮಾರಾಟಗಾರರು ದಾಸ್ತಾನಿನ ಪುಸ್ತಕ ಇಡಬೇಕೆಂಬ ನಿಯಮ ಮೊದಲಿನಿಂದಲೂ ಇದೆ. ಅದರ ಒಂದು ಪ್ರತಿಯನ್ನು ಕೃಷಿ ಇಲಾಖೆ ಆರೋಗ್ಯ ಇಲಾಖೆಗೆ ಕೊಟ್ಟರಾಯಿತು. ಕಂಪನಿಯ ಹೆಸರಿನ ಎದುರು ವಿಷದ ನಿಜವಾದ ಹೆಸರು, ಅದರ ಎದುರು ಚಿಕಿತ್ಸೆ. ಈ ಒಂದು ಹಾಳೆ ರಾತ್ರಿ ಪಾಳಿಯ ವೈದ್ಯನ ಮೇಜಿನ ಗಾಜಿನ ಕೆಳಗಿದ್ದರೆ ಎಷ್ಟೋ ಗೊಂದಲ ತಪ್ಪುತ್ತದೆ.

ಎರಡನೆಯದು, ಪ್ರತಿ ಡಬ್ಬಿಗೆ ಹರಿದು ತೆಗೆಯಬಹುದಾದ ಒಂದು ಚೀಟಿ ಇರಲಿ. ಅದರಲ್ಲಿ ಕನ್ನಡದ ದೊಡ್ಡ ಅಕ್ಷರಗಳಲ್ಲಿ ವಿಷದ ಹೆಸರು, ಪ್ರತಿವಿಷ, ‘ಇದನ್ನು ವೈದ್ಯರಿಗೆ ತೋರಿಸಿ’ ಎಂಬ ಮಾತು ಇರಲಿ. ಹೊಡೆಯುವವನ ಕಿಸೆಯಲ್ಲಿ ಅದು ಇರಬೇಕು. ಕಂಪನಿಗೆ ಇದರ ಖರ್ಚು ಬಹಳ ಕಡಿಮೆ.

ಮೂರನೆಯದು, ಅಂಗಡಿಯವರ ತರಬೇತಿ. ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲಿ ಕೃಷಿ ಪರಿಕರ ಮಾರಾಟಗಾರರಿಗಾಗಿ ‘ದೇಸಿ’ ಎಂಬ ಒಂದು ವರ್ಷದ ಡಿಪ್ಲೊಮಾ ಆರಂಭಿಸಿತು. ಅಂಥ ತರಬೇತಿಗಳಲ್ಲಿ ಒಂದು ದಿನವನ್ನು ವೈದ್ಯರಿಗೆ ಬಿಟ್ಟುಕೊಡಲಿ. ನಮ್ಮ ಹಳ್ಳಿಗಳಲ್ಲಿ ಅಂಗಡಿಯವನ ಮಾತನ್ನು ರೈತ ಕೇಳುವಷ್ಟು ಬೇರೆಯವರ ಮಾತನ್ನು ಕೇಳುವುದಿಲ್ಲ. ಅವನೇ ‘ಗೌಡ್ರ, ಇದು ಕೆಂಪು, ಹುಷಾರು’ ಎಂದರೆ ಅರ್ಧ ಕೆಲಸವಾದಂತೆ.

ನಾಲ್ಕನೆಯದು, ಸಣ್ಣ ಉದ್ಯಮಗಳಿಗೆ ಒಂದು ಗೋಡೆಯ ಹಲಗೆ. ಬಣ್ಣದ ಮನೆ, ಪ್ರೆಸ್ಸು, ಗ್ಯಾರೇಜುಗಳಲ್ಲಿ ಬಳಸುವ ಐದಾರು ರಾಸಾಯನಿಕಗಳ ಹೆಸರು, ಅಪಾಯ, ತಗುಲಿದರೆ ಏನು ಮಾಡಬೇಕು ಎಂಬುದನ್ನು ಕನ್ನಡದಲ್ಲಿ, ಚಿತ್ರದೊಡನೆ ಬರೆಸಿ ತೂಗುಹಾಕಲಿ. ಸರಕು ಮಾರುವವರು ಬರಹ ಕೊಡಲಿ, ಕಾರ್ಮಿಕ ಇಲಾಖೆ ಅಚ್ಚು ಹಾಕಿಸಲಿ. ಅಚ್ಚು ಹಾಕುವವರಿಗೆ ಗದುಗಿನಲ್ಲಿ ಬರವೇ?

ಮನೆಯವರು ನೆನಪಿಡಬೇಕಾದದ್ದು

ಕಂಪನಿ, ಸರಕಾರ ಎಚ್ಚರಾಗುವವರೆಗೆ ನಾವು ಸುಮ್ಮನೆ ಕೂರಬೇಕಾಗಿಲ್ಲ. ಮೊದಲು ಮನೆಯಲ್ಲಿ ಅದನ್ನು ಔಷಧಿ ಎನ್ನುವುದನ್ನು ಬಿಡಿ. ‘ವಿಷ’ ಎನ್ನಿ. ಮಕ್ಕಳಿಗೂ ಅದೇ ಹೆಸರು ಕಲಿಸಿ. ಶಾಲೆಗೆ ಹೋಗುವ ಮಕ್ಕಳಿಂದ ಡಬ್ಬಿಯ ಹೆಸರು ಓದಿಸಿ, ಬಿಲ್ಲಿನ ಹಿಂದೆ ಬರೆದಿಡಿ. ಡಬ್ಬಿಯನ್ನು ಮಕ್ಕಳ ಕೈಗೆ ಕೊಡಬೇಡಿ.

ವಿಷವನ್ನು ಮೂಲ ಡಬ್ಬಿಯಲ್ಲೇ ಇಡಿ. ಬಾಟಲಿಗೆ ಸುರಿದ ಬಿಡಿ ವಿಷವನ್ನು ಕೊಳ್ಳಬೇಡಿ. ಅಡುಗೆಮನೆ, ಕಾಳಿನ ಚೀಲಗಳಿಂದ ದೂರ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ. ಮಕ್ಕಳಿಂದಷ್ಟೇ ಅಲ್ಲ, ದುಡುಕಿನ ಒಂದು ಗಳಿಗೆಯಿಂದ ದೊಡ್ಡವರನ್ನೂ ಆ ಬೀಗ ಕಾಯುತ್ತದೆ. ಮನಸ್ಸು ಬಹಳ ಕುಗ್ಗಿದವರು ಮನೆಯಲ್ಲಿದ್ದರೆ ಸರಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಖಾಲಿ ಡಬ್ಬಿಯನ್ನು ನೀರಿಗೆ, ಸೀಮೆಎಣ್ಣೆಗೆ ಬಳಸದೆ ಒಡೆದು ಹಾಕಿ.

ವಿಷವನ್ನು ಕೋಲಿನಿಂದ ಕಲಸಿ, ಕೈಯಿಂದಲ್ಲ. ಸೋರುವ ಪಂಪನ್ನು ಬೆನ್ನಿಗೇರಿಸಬೇಡಿ. ನಳಿಗೆ ಕಟ್ಟಿಕೊಂಡರೆ ಬಾಯಿಂದ ಊದಬೇಡಿ. ಗಾಳಿಯಂತ್ರ ತಿರುಗಿಸುವಷ್ಟು ಗಾಳಿ ಇರುವ ನಾಡು ನಮ್ಮದು. ಗಾಳಿಗೆ ಎದುರಾಗಿ ಹೊಡೆದರೆ ವಿಷ ಬೆಳೆಗಿಂತ ಮೊದಲು ನಿಮ್ಮ ಮುಖಕ್ಕೆ. ತುಂಬುತೋಳಿನ ಅಂಗಿ ತೊಡಿ. ಕೆಲಸದ ನಡುವೆ ಬೀಡಿ, ತಂಬಾಕು, ಎಲೆಅಡಿಕೆ ಬೇಡ. ಮುಗಿದ ಕೂಡಲೇ ಸಾಬೂನು ಹಚ್ಚಿ ಸ್ನಾನ ಮಾಡಿ. ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.

ಯಾರಿಗಾದರೂ ವಿಷ ತಗುಲಿದರೆ ಹೊಲದಿಂದ ಹೊರಗೆ ತಂದು, ತೊಯ್ದ ಬಟ್ಟೆ ಬಿಚ್ಚಿ, ಮೈಯನ್ನು ಸಾಬೂನು ನೀರಿನಿಂದ ತೊಳೆಯಿರಿ. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷವಾದರೂ ಶುದ್ಧ ನೀರು ಸುರಿಯಿರಿ. ಕುಡಿದಿದ್ದರೆ ಉಪ್ಪು ನೀರು, ಹುಣಸೆ ಹುಳಿ, ಸಗಣಿ ನೀರು ಕುಡಿಸಿ ವಾಂತಿ ಮಾಡಿಸಬೇಡಿ. ವಾಂತಿ ಪುಪ್ಪುಸಕ್ಕೆ ಇಳಿದರೆ ಎರಡನೆಯ ಅಪಾಯ. ಎಚ್ಚರ ತಪ್ಪಿದ್ದರೆ ಎಡಮಗ್ಗುಲಿಗೆ ಮಲಗಿಸಿ, 108ಕ್ಕೆ ಕರೆ ಮಾಡಿ. ದೆಹಲಿಯ ಏಮ್ಸ್ ಆಸ್ಪತ್ರೆಯ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ 1800 116 117. ವೈದ್ಯರೂ ಕೇಳಬಹುದು, ಮನೆಯವರೂ ಕೇಳಬಹುದು.

ಎಲ್ಲಕ್ಕಿಂತ ಮುಖ್ಯವಾಗಿ, ಆಸ್ಪತ್ರೆಗೆ ಬರುವಾಗ ಡಬ್ಬಿಯನ್ನೂ ತನ್ನಿ. ಖಾಲಿಯಾಗಿದ್ದರೂ ಸರಿ, ಎರಡು ಕೂಡಿಸಿ ಹೊಡೆದಿದ್ದರೆ ಎರಡನ್ನೂ ತನ್ನಿ. ಚೀಲದಲ್ಲಿ ಕಟ್ಟಿ ತಂದರಾಯಿತು. ಗಾಬರಿಯಲ್ಲಿ ಅದು ಮರೆತುಹೋದರೆ ಡಬ್ಬಿಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಕಳಿಸಲು ಮನೆಯಲ್ಲಿದ್ದವರಿಗೆ ಹೇಳಿ.

ಊಟ ಬಲ್ಲವನಿಗೆ ರೋಗವಿಲ್ಲ ಎಂದರು ಹಿರಿಯರು. ವಿಷವನ್ನು ಮುಟ್ಟಿಯೇ ದುಡಿಯಬೇಕಾದವನಿಗೆ ಆ ವಿಷವನ್ನು ಬಲ್ಲವನಾಗುವ ಹಕ್ಕಿದೆ. ಆ ಹಕ್ಕನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿ ಕೈತೊಳೆದುಕೊಳ್ಳಬಾರದು. ಈ ಸಲ ಗೊಬ್ಬರದ ಅಂಗಡಿಗೆ ಹೋದಾಗ ಒಂದು ಪ್ರಶ್ನೆ ಕೇಳಿ ನೋಡಿ: ‘ಇದರ ಹೆಸರೇನು, ತಗುಲಿದರ ಏನು ಮಾಡಬೇಕು?’ ಹತ್ತು ಜನ ಕೇಳಿದರೆ ಅಂಗಡಿಯವನು ಕಂಪನಿಯನ್ನು ಕೇಳುತ್ತಾನೆ. ನೂರು ಜನ ಕೇಳಿದರೆ ಸರಕಾರವೂ ಉತ್ತರ ಹೇಳಬೇಕಾಗುತ್ತದೆ.